ಅಪ್ಪ-ಅಮ್ಮ ಮುಂಬೈಯಿಂದ, ಅಕ್ಕ ನ್ಯೂಜೆರ್ಸಿಯಿಂದ: ಪ್ಯಾರಿಸ್‌ಗೆ ಯಾವ ಹೊತ್ತಿನ ವಿಮಾನ ಒಳ್ಳೆಯದು?

ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. ಅಪ್ಪ-ಅಮ್ಮ ನಮ್ಮ ಜೊತೆ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಅಪ್ಪನಿಗೆ 71, ಅಮ್ಮನಿಗೆ 66. ಅಮೆರಿಕಕ್ಕೆ ನೇರವಾಗಿ ಹೋದರೂ ಹದಿನೈದು-ಹದಿನಾರು ಗಂಟೆ ಕೂತೇ ಇರಬೇಕು, ಅಪ್ಪನ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಅಕ್ಕನಿಗೆ ಇಲ್ಲಿಗೆ ಬಂದು ಹೋಗುವಷ್ಟು ರಜೆ ಸಿಗುವುದಿಲ್ಲ. ಹಾಗಾದರೆ ನಡುವೆ ಎಲ್ಲಾದರೂ ಸೇರೋಣ ಅಂತ ಮಾತಾಯಿತು. 2025ರ ಸೆಪ್ಟೆಂಬರ್, ಗಣಪತಿ ಕಳುಹಿಸಿದ ಮೇಲೆ, ಪ್ಯಾರಿಸ್. ಅಕ್ಕ ಅಟ್ಲಾಂಟಿಕ್ ದಾಟಿ ಬರುವುದು, ಇವರು ಅರಬ್ಬಿ ಸಮುದ್ರ ದಾಟಿ ಹೋಗುವುದು.

ಟಿಕೆಟ್ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ನಾನೂ ಎಲ್ಲರಂತೆ ದರ ನೋಡಿದೆ, ಆಮೇಲೆ ಗಂಟೆ ನೋಡಿದೆ. ಕಡಿಮೆ ಗಂಟೆಯದ್ದೇ ಒಳ್ಳೆಯದು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಟಿಕೆಟ್ ಮೇಲೆ ಇರುವುದು ವಿಮಾನದ ಲೆಕ್ಕ ಮಾತ್ರ. ನಮಗೆ ಬೇಕಾದ್ದು ಮನೆ ಬಾಗಿಲಿಗೆ ಬೀಗ ಹಾಕಿದ ಹೊತ್ತಿನಿಂದ ಹೋಟೆಲಿನ ಹಾಸಿಗೆಗೆ ಬೆನ್ನು ತಾಗಿಸುವ ಹೊತ್ತಿನವರೆಗಿನ ಲೆಕ್ಕ. ಅದನ್ನು ಒಂದು ಕಾಗದದ ಮೇಲೆ ಬರೆದು ನೋಡಿದಾಗ ಚಿತ್ರವೇ ಬದಲಾಯಿತು.

ನೇರ ವಿಮಾನವೋ, ಕೊಲ್ಲಿಯಲ್ಲಿ ಇಳಿದು ಹೋಗುವುದೋ?

ಮುಂಬೈಯಿಂದ ಲಂಡನ್, ಪ್ಯಾರಿಸ್, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್, ಜ್ಯೂರಿಕ್ ಇವಕ್ಕೆಲ್ಲ ನೇರ ವಿಮಾನಗಳಿವೆ. ಹೆಚ್ಚಿನವು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಪ್ಯಾರಿಸ್‌ಗೆ ಸುಮಾರು ಒಂಬತ್ತೂವರೆ ಗಂಟೆ. ಬೇಸಿಗೆಯ ಸಮಯ ನಡೆಯುವಾಗ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಂದರೆ ರಾತ್ರಿ ಎರಡಕ್ಕೆ ಮುಂಬೈ ಬಿಟ್ಟರೆ ಅಲ್ಲಿನ ಬೆಳಗ್ಗೆ ಎಂಟಕ್ಕೆ ಇಳಿಯುತ್ತೀರಿ.

ಈಗ ಮನೆಯಿಂದ ಲೆಕ್ಕ ಹಾಕಿ. ಎರಡರ ವಿಮಾನಕ್ಕೆ ಹತ್ತೂವರೆ-ಹನ್ನೊಂದಕ್ಕೆ ಸಹಾರಿನ ಟಿ-2, ಅಂದರೆ ಮುಂಬೈ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಒಳಗೆ ಇರಬೇಕು. ಡೊಂಬಿವಲಿಯಿಂದ ಹೊರಡುವುದು ಒಂಬತ್ತಕ್ಕೆ. ಅಲ್ಲಿ ಎಂಟಕ್ಕೆ ಇಳಿದು, ಇಮಿಗ್ರೇಶನ್ ಸಾಲು, ಬ್ಯಾಗು, ಟ್ಯಾಕ್ಸಿ ಎಲ್ಲ ಮುಗಿಸಿ ಹೋಟೆಲ್ ಬಾಗಿಲಿಗೆ ಬಂದಾಗ ಹತ್ತೂವರೆ. ಆದರೆ ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ! ಅಲ್ಲಿನ ಮೂರು ಅಂದರೆ ನಮ್ಮ ಸಂಜೆ ಆರೂವರೆ. ಮನೆ ಬಿಟ್ಟು ಇಪ್ಪತ್ತೊಂದೂವರೆ ಗಂಟೆ ಆಯಿತು.

ಕೊಲ್ಲಿಯ ದಾರಿ ನೋಡಿ. ಬೆಳಗಿನ ಜಾವ ನಾಲ್ಕಕ್ಕೆ ಮುಂಬೈ ಬಿಟ್ಟರೆ, ಮೂರು ಗಂಟೆ ಚಿಲ್ಲರೆಯಲ್ಲಿ ದುಬೈ. ಅಲ್ಲಿ ಎರಡೂವರೆ ಗಂಟೆ ಕಾಯುವುದು. ಮತ್ತೆ ಏಳು ಗಂಟೆ ಚಿಲ್ಲರೆ. ಪ್ಯಾರಿಸ್ ತಲುಪುವುದು ಮಧ್ಯಾಹ್ನ ಒಂದೂವರೆ ಹೊತ್ತಿಗೆ. ಒಟ್ಟು ಹದಿಮೂರು ಗಂಟೆ. ಮನೆ ಬಿಟ್ಟದ್ದು ರಾತ್ರಿ ಹನ್ನೊಂದೂವರೆಗೆ, ಹೋಟೆಲ್ ಸೇರಿದ್ದು ಅಲ್ಲಿನ ನಾಲ್ಕಕ್ಕೆ, ರೂಮು ಕೂಡಲೇ ಸಿಗುತ್ತದೆ. ಹಾಸಿಗೆಗೆ ಇಪ್ಪತ್ತು ಗಂಟೆ.

ಹದಿಮೂರು ಗಂಟೆಯ ಪ್ರಯಾಣ ಒಂಬತ್ತೂವರೆ ಗಂಟೆಯದ್ದಕ್ಕಿಂತ ಬೇಗ ಹಾಸಿಗೆ ಕೊಡುತ್ತದೆ! ಮೊದಲ ಸಲ ಇದು ಕಂಡಾಗ ಲೆಕ್ಕ ತಪ್ಪಿದೆ ಅಂದುಕೊಂಡು ಮತ್ತೆ ಕೂಡಿಸಿದೆ. ತಪ್ಪಿರಲಿಲ್ಲ.

ಆದರೂ ನಾವು ಕೊಲ್ಲಿಯ ಟಿಕೆಟ್ ತೆಗೆದುಕೊಳ್ಳಲಿಲ್ಲ. ಕಾರಣ ನಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಡುವ ವಿಮಾನಕ್ಕೆ ರಾತ್ರಿಯಿಡೀ ಎದ್ದಿರಬೇಕು. ಹತ್ತಿ ಕೂತರೆ ಊಟ ಬರುತ್ತದೆ. ಕಣ್ಣು ಮುಚ್ಚುವಷ್ಟರಲ್ಲಿ ದುಬೈ. ಇಳಿದು ಮತ್ತೆ ಸೆಕ್ಯುರಿಟಿ, ಮತ್ತೆ ನಡೆಯುವುದು, ಮತ್ತೆ ಗೇಟು ಹುಡುಕುವುದು. ಮೂವತ್ತು ವರ್ಷದವರಿಗೆ ಇದು ದೊಡ್ಡ ವಿಷಯವಲ್ಲ. ಕಾಲು ಚಾಚಿ, ಒಂದು ಕಾಫಿ ಕುಡಿದು, ಅಂಗಡಿ ನೋಡಿಕೊಂಡು ಹೋಗಬಹುದು. ಎಷ್ಟೋ ಜನರಿಗೆ ಆ ನಡುವಿನ ಬಿಡುವೇ ಇಷ್ಟ. ಎಪ್ಪತ್ತು ದಾಟಿದವರಿಗೆ ಒಂದೇ ಸಲ ಕೂತು, ಒಂದೇ ಸಲ ಇಳಿಯುವುದು ವಾಸಿ. ಅದರಲ್ಲೂ ಜೊತೆಗೆ ಬೇರೆ ಯಾರೂ ಇಲ್ಲದಿದ್ದರೆ.

ಹೋಟೆಲಿನ ಬಾಗಿಲಲ್ಲಿ ಕಾಯುವ ಕಷ್ಟಕ್ಕೆ ಬೇರೆ ದಾರಿ ಮಾಡಿದೆವು. ರೂಮನ್ನು ಒಂದು ದಿನ ಮೊದಲಿನಿಂದಲೇ ಬುಕ್ ಮಾಡಿದೆವು. ಕೊಲ್ಲಿಯ ಟಿಕೆಟ್ಟಿನಲ್ಲಿ ಉಳಿಯುತ್ತಿದ್ದ ಹಣ ಹೆಚ್ಚುಕಡಿಮೆ ಆ ಒಂದು ರಾತ್ರಿಯ ಬಾಡಿಗೆಗೆ ಸಮವಾಯಿತು. ಹೀಗೆ ಮಾಡುವವರು ಒಂದು ಮಾತು ಮರೆಯಬೇಡಿ. ಬೆಳಗ್ಗೆ ಹತ್ತರ ಹೊತ್ತಿಗೆ ಬರುತ್ತೇವೆ, ಹಿಂದಿನ ರಾತ್ರಿ ಬಾರದಿದ್ದರೆ ರೂಮು ರದ್ದು ಮಾಡಬೇಡಿ ಅಂತ ಹೋಟೆಲಿಗೆ ಮೊದಲೇ ಮೇಲ್ ಹಾಕಿ, ಉತ್ತರ ತರಿಸಿಕೊಳ್ಳಿ. ಇಲ್ಲದಿದ್ದರೆ ಬಂದಿಲ್ಲ ಅಂತ ರೂಮನ್ನು ಬೇರೆಯವರಿಗೆ ಕೊಟ್ಟುಬಿಡಬಹುದು.

ಕೊಲ್ಲಿಯ ದಾರಿಯ ಬಗ್ಗೆ ಇನ್ನೊಂದು ಮಾತು. ಆ ಭಾಗದಲ್ಲಿ ಗಲಾಟೆಯಾದರೆ ಆಕಾಶವೇ ಮುಚ್ಚುತ್ತದೆ. 2025ರ ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದಾಗ ದೋಹಾ ಮೂಲಕ ಹೋಗುವವರೆಲ್ಲ ಸಿಕ್ಕಿಬಿದ್ದರು. ದೆಹಲಿಯಲ್ಲಿ ಇಳಿದು ಹೋಗೋಣ ಅನ್ನುವವರೂ ಒಂದನ್ನು ನೋಡಬೇಕು. ಪಾಕಿಸ್ತಾನ 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದ ಮೇಲೆ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯಿತು. ಮುಂಬೈಯಿಂದ ಹೊರಡುವವಕ್ಕೆ ಅದು ದೆಹಲಿಯಷ್ಟು ತಟ್ಟಲಿಲ್ಲ. ಮುಂಬೈಯಲ್ಲೇ ಇದ್ದುಕೊಂಡು ದೆಹಲಿಗೆ ಹೋಗಿ ಹತ್ತುವುದರಲ್ಲಿ ನನಗಂತೂ ಅರ್ಥ ಕಾಣಲಿಲ್ಲ.

ಯುರೋಪಿನೊಳಗೇ ವಿಮಾನ ಬದಲಿಸುವುದು

ರೋಮ್, ಬಾರ್ಸಿಲೋನಾ, ಪ್ರಾಗ್‌ನಂಥ ಊರಿಗೆ ಹೋಗುವವರಿಗೆ ಮೂರನೆಯ ದಾರಿ ಇದು. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್‌ವರೆಗೆ ನೇರವಾಗಿ ಹೋಗಿ, ಅಲ್ಲಿಂದ ಸಣ್ಣ ವಿಮಾನ. ಮುಖ್ಯ ನಿದ್ದೆ ಮೊದಲ ವಿಮಾನದಲ್ಲೇ ಆಗುತ್ತದೆ, ಅದು ಇದರ ದೊಡ್ಡ ಲಾಭ. ಆದರೆ ಷೆಂಗೆನ್‌ನ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗೆ ಮೊದಲು ಕಾಲಿಡುವ ಊರಿನಲ್ಲೇ ಇಮಿಗ್ರೇಶನ್. ರೋಮ್‌ಗೆ ಹೋಗುವವರಿಗೂ ಫ್ರಾಂಕ್‌ಫರ್ಟ್‌ನಲ್ಲೇ ಮುದ್ರೆ. ಅದೂ ಈಗ ಮುದ್ರೆ ಹೋಗಿ ಬೆರಳಚ್ಚು, ಫೋಟೋ ಬಂದಿದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು ಹೊರಗಿನವರ ಬರುವುದು-ಹೋಗುವುದನ್ನು ಯಂತ್ರದಲ್ಲಿ ದಾಖಲಿಸಲು ಶುರು ಮಾಡಿವೆ. ಮೊದಲ ಸಲ ಹೋಗುವವರಿಗೆ ಹೊತ್ತು ಜಾಸ್ತಿ ಹಿಡಿಯುತ್ತದೆ. ಅದಕ್ಕೇ ಸೈಟಿನಲ್ಲಿ ಒಂದು ಗಂಟೆ ಹತ್ತು ನಿಮಿಷದ ಕನೆಕ್ಷನ್ ತೋರಿಸಿದರೆ ಆಸೆ ಪಡಬೇಡಿ. ಎರಡೂವರೆ ಗಂಟೆಯಾದರೂ ಇರಲಿ, ಹಿರಿಯರಿದ್ದರೆ ಮೂರು.

ಯಾವ ದಾರಿ ಹಿಡಿದರೂ ಎರಡು ವಿಮಾನವೂ ಒಂದೇ ಪಿಎನ್‌ಆರ್‌ನಲ್ಲಿರಬೇಕು. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದರಲ್ಲಿ ಕಳುಹಿಸುವುದು ಅವರ ಹೊಣೆ. ಬೇರೆ ಬೇರೆ ಟಿಕೆಟ್ ಆದರೆ ಹೊಣೆಯೆಲ್ಲ ನಮ್ಮದು. ಇದಕ್ಕೆ ಜೊತೆಯಾಗಿ ಯುರೋಪಿನ ಒಂದು ಕಾನೂನೂ ಇದೆ. ಯುರೋಪಿನ ಕಂಪನಿಯ ವಿಮಾನದಲ್ಲಿ ಮುಂಬೈಯಿಂದ ಹೋದರೂ, ಅಲ್ಲಿಂದ ಯಾವ ಕಂಪನಿಯ ವಿಮಾನದಲ್ಲಿ ಬಂದರೂ, ಕಂಪನಿಯ ತಪ್ಪಿನಿಂದ ತುಂಬಾ ತಡವಾದರೆ ಇಷ್ಟು ದೂರಕ್ಕೆ ತಲೆಗೆ 600 ಯೂರೋವರೆಗೆ ಪರಿಹಾರ ಕೇಳಬಹುದು. ಮಳೆ-ಗಾಳಿಯ ಕಾರಣಕ್ಕೆ ಕೊಡುವುದಿಲ್ಲ. ಮುಂಬೈಯಿಂದ ಕೊಲ್ಲಿಯ ಕಂಪನಿಯಲ್ಲಿ ಹೋಗುವಾಗ ಈ ಕಾನೂನು ಅನ್ವಯಿಸುವುದಿಲ್ಲ. ವೀಸಾ ಕೂಡ ನೋಡಿ. ಬರೀ ವಿಮಾನ ಬದಲಿಸಲಿಕ್ಕೂ ಕೆಲವು ದೇಶಗಳು ನಮ್ಮ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಟಿಕೆಟ್ ದುಡ್ಡು ಕಟ್ಟುವ ಮೊದಲು ಆ ದೇಶದ ವೀಸಾ ಪುಟವನ್ನೇ ತೆರೆದು ಓದಿ.

ಅಕ್ಕನ ಕಡೆಯ ಲೆಕ್ಕ

ಅಟ್ಲಾಂಟಿಕ್ ದಾಟುವವರಿಗೆ ಕಷ್ಟವೇ ಬೇರೆ. ಅಲ್ಲಿ ಪ್ರಯಾಣ ಉದ್ದ ಅನ್ನುವುದಲ್ಲ, ತೀರಾ ಚಿಕ್ಕದು ಅನ್ನುವುದೇ ತೊಂದರೆ. ಅಮೆರಿಕದಿಂದ ಯುರೋಪಿಗೆ ಬರುವಾಗ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ವಿಮಾನವನ್ನು ತಳ್ಳಿಕೊಂಡೇ ಬರುತ್ತದೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿ ಒಂದು ಜಂಬೋ ಜೆಟ್ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಸಾಮಾನ್ಯವಾಗಿ ಲಂಡನ್‌ಗೆ ಆರೂವರೆ-ಏಳು ಗಂಟೆ, ಪ್ಯಾರಿಸ್‌ಗೆ ಏಳು ಗಂಟೆ ಚಿಲ್ಲರೆ.

ಅಕ್ಕ ಮೊದಲು ಹಿಡಿಯಬೇಕೆಂದಿದ್ದು ಸಂಜೆ ಏಳರ ವಿಮಾನ. ಬೆಳಗ್ಗೆ ಎಂಟೂಕಾಲಿಗೆ ಪ್ಯಾರಿಸ್, ಅಪ್ಪ-ಅಮ್ಮ ಇಳಿಯುವ ಹೊತ್ತಿಗೇ. ಕಾಗದದ ಮೇಲೆ ಎಷ್ಟು ಚೆನ್ನ! ಆದರೆ ಪ್ಯಾರಿಸ್‌ನ ಎಂಟೂಕಾಲು ಅಂದರೆ ಅವಳ ಮೈಗೆ ರಾತ್ರಿ ಎರಡೂಕಾಲು. ಹತ್ತಿದ ಮೇಲೆ ಊಟ ಮುಗಿಯುವಷ್ಟರಲ್ಲಿ ಒಂಬತ್ತು. ಇಳಿಯುವ ಒಂದೂವರೆ ಗಂಟೆ ಮೊದಲು ದೀಪ ಹಾಕಿ ತಿಂಡಿ ಕೊಡುತ್ತಾರೆ. ನಡುವೆ ಸಿಗುವುದು ಮೂರೂಮುಕ್ಕಾಲು ಗಂಟೆ, ಅದೂ ಕೂತಲ್ಲೇ. ಅದೇ ರಾತ್ರಿ ಹತ್ತೂವರೆ-ಹನ್ನೊಂದರ ವಿಮಾನವಾದರೆ ನಿದ್ದೆ ಬರುವ ಹೊತ್ತಿಗೇ ಹತ್ತುತ್ತೀರಿ. ಮನೆಯಲ್ಲೇ ಊಟ ಮಾಡಿಕೊಂಡು ಬಂದು, ವಿಮಾನದ ಊಟ ಬಿಟ್ಟು ಮಲಗಬಹುದು. ಇಳಿಯುವುದು ಮಧ್ಯಾಹ್ನ, ರೂಮೂ ಸಿಗುತ್ತದೆ. ಅಟ್ಲಾಂಟಿಕ್ ದಾಟಿ ಬರುವವರಿಗೆ ನಾನು ಹೇಳುವುದು ಇದನ್ನೇ.

ಮೂರನೆಯದೊಂದಿದೆ, ಹಗಲಿನ ವಿಮಾನ. ನ್ಯೂಯಾರ್ಕ್ ಕಡೆಯಿಂದ ಬೆಳಗ್ಗೆ ಎಂಟರ ಹೊತ್ತಿಗೆ ಬಿಟ್ಟು, ಲಂಡನ್‌ಗೆ ರಾತ್ರಿ ಎಂಟರ ಹೊತ್ತಿಗೆ. ಒಂದು ನಿದ್ದೆಯೂ ಹಾಳಾಗುವುದಿಲ್ಲ. ಮರುದಿನ ಲಂಡನ್‌ನಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಎರಡೂಕಾಲು-ಎರಡೂವರೆ ಗಂಟೆ. ನನಗೆ ತುಂಬಾ ಹಿಡಿಸಿತ್ತು. ಆದರೆ ಅಕ್ಕನದು ಇನ್ನೂ ನಮ್ಮ ಪಾಸ್‌ಪೋರ್ಟೇ. ಷೆಂಗೆನ್ ವೀಸಾ ಬೇರೆ, ಬ್ರಿಟನ್ ವೀಸಾ ಬೇರೆ. ಒಂದು ರಾತ್ರಿಗೋಸ್ಕರ ಇನ್ನೊಂದು ವೀಸಾ ಬೇಡ ಅಂತ ಬಿಟ್ಟೆವು. ಅಮೆರಿಕದ ಪಾಸ್‌ಪೋರ್ಟ್ ಇರುವವರು ಇದನ್ನು ಖಂಡಿತ ನೋಡಬೇಕು.

ಸಮಯದ ವ್ಯತ್ಯಾಸದಲ್ಲಿ ಒಂದು ಗುಂಡಿ ಇದೆ. ನಾವು ಗಡಿಯಾರ ತಿರುಗಿಸುವುದಿಲ್ಲ, ಅವರಿಬ್ಬರೂ ತಿರುಗಿಸುತ್ತಾರೆ, ಅದೂ ಬೇರೆ ಬೇರೆ ದಿನ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲನೇ ಭಾನುವಾರ. ನಡುವಿನ ಆ ವಾರಗಳಲ್ಲಿ ನ್ಯೂಯಾರ್ಕ್-ಪ್ಯಾರಿಸ್ ಅಂತರ ಆರು ಗಂಟೆಯ ಬದಲು ಐದು. ಆಗ ಪ್ರಯಾಣವಿದ್ದರೆ ಬಾಯಿಲೆಕ್ಕ ಬಿಟ್ಟು ಟಿಕೆಟ್ಟಿನ ಸ್ಥಳೀಯ ಸಮಯವನ್ನೇ ನಂಬಿ.

ಪುಣೆ, ಗೋವಾದಿಂದ ಹೊರಡುವವರಿಗೆ

ಮೊದಲು ಒಂದು ನೋವಿನ ಕಥೆ. ನಮ್ಮ ಮಾವ ಪುಣೆಯ ಕೋಥ್ರೂಡ್‌ನಲ್ಲಿರುತ್ತಾರೆ. ಮಗನ ಮನೆಗೆ ಜರ್ಮನಿಗೆ ಹೊರಟಿದ್ದರು. ಟಿಕೆಟ್ ಮೇಲೆ 12ನೇ ತಾರೀಕು, 1:40. 12ರ ಸಂಜೆ ಟ್ಯಾಕ್ಸಿ ಮಾಡಿಕೊಂಡು, ಘಾಟ್ ಇಳಿದು, ರಾತ್ರಿ ಹತ್ತಕ್ಕೆ ಟಿ-2 ಬಾಗಿಲಿಗೆ ಬಂದು ಟಿಕೆಟ್ ತೋರಿಸಿದರು. ಬಾಗಿಲಲ್ಲಿದ್ದ ಜವಾನ ಎರಡು ಸಲ ನೋಡಿ, "ಕಾಕಾ, ಇದು ನಿನ್ನೆ ರಾತ್ರಿಯೇ ಹೋಯಿತಲ್ಲ" ಅಂದನಂತೆ. ಅತ್ತೆ ಟ್ರಾಲಿಯ ಮೇಲಿನ ಚಟ್ನಿಪುಡಿ ಡಬ್ಬಿಯ ಚೀಲ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಆ ದೃಶ್ಯ ಮಾವ ಹೇಳುವಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುತ್ತದೆ. ಟಿಕೆಟ್ ಹಣ ಪೂರ್ತಿ ಹೋಯಿತು.

ಮುಂಬೈಯ ಯುರೋಪ್ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೇ ಇರುವುದರಿಂದ ಈ ತಪ್ಪು ಯಾರಿಗೂ ಆಗಬಹುದು. ಕ್ಯಾಲೆಂಡರ್‌ನಲ್ಲಿ ವಿಮಾನದ ತಾರೀಕು ಬರೆಯಬೇಡಿ. ಮನೆ ಬಿಡುವ ತಾರೀಕು, ಹೊತ್ತು ಬರೆಯಿರಿ. "11, ಗುರುವಾರ, ಸಂಜೆ 5:30, ಮನೆ ಬಿಡುವುದು." ಈಗ ನಮ್ಮ ಮನೆಯಲ್ಲಿ ಫ್ರಿಜ್ ಬಾಗಿಲ ಮೇಲೆ ಹೀಗೇ ಅಂಟಿಸುತ್ತೇವೆ.

ಪುಣೆಯಿಂದ ಟಿ-2ಗೆ ಸುಮಾರು 150 ಕಿಲೋಮೀಟರ್. ರಸ್ತೆ ಖಾಲಿ ಇದ್ದರೆ ಮೂರು-ಮೂರೂವರೆ ಗಂಟೆ. ಆದರೆ ಖಂಡಾಲಾ ಘಾಟ್‌ನಲ್ಲಿ ಒಂದು ಟ್ರಕ್ ಕೆಟ್ಟು ನಿಂತರೆ ಎಲ್ಲ ಲೆಕ್ಕ ತಲೆಕೆಳಗು. ಶುಕ್ರವಾರ ಸಂಜೆ, ಮಳೆಗಾಲ, ರಜೆಯ ಹಿಂದಿನ ದಿನ ಐದೂವರೆ ಗಂಟೆ ಇಟ್ಟುಕೊಳ್ಳಿ. ಬೇಗ ತಲುಪಿದರೆ ಸುಮ್ನೆ ಕೂತು ಮನೆಯ ಚಪಾತಿ-ಪಲ್ಯ ತಿನ್ನಬಹುದು, ನಷ್ಟ ಏನೂ ಇಲ್ಲ. ಹಿರಿಯರಿದ್ದರೆ ಮಧ್ಯಾಹ್ನವೇ ಮುಂಬೈಗೆ ಬಂದು ನೆಂಟರ ಮನೆಯಲ್ಲಿ ಎರಡು ಗಂಟೆ ಮಲಗಿ ಹೊರಡುವುದು ಎಲ್ಲಕ್ಕಿಂತ ಉತ್ತಮ. ನಮ್ಮ ಮನೆಯಂತೂ ಅಂಥವರಿಗೆ ಛತ್ರವೇ ಆಗಿದೆ, ಅದು ನಮಗೆ ಸಂತೋಷ.

ಗೋವಾದಲ್ಲಿ ಎರಡು ವಿಮಾನ ನಿಲ್ದಾಣ. ದಾಬೋಲಿಂ ಹಳೆಯದು, ವಾಸ್ಕೋ ಪಕ್ಕದಲ್ಲೇ. ಮೋಪಾ 2023ರ ಜನವರಿಯಿಂದ ನಡೆಯುತ್ತಿದೆ, ಉತ್ತರದ ತುದಿಯಲ್ಲಿ. ಚಿಕ್ಕಮ್ಮ ವಾಸ್ಕೋದಲ್ಲಿರುವುದರಿಂದ ನನಗೆ ಇದು ಚೆನ್ನಾಗಿ ಗೊತ್ತು. ಅಲ್ಲಿಂದ ಮೋಪಾಗೆ ಒಂದೂವರೆ ಗಂಟೆ ಬೇಕು. ಟಿಕೆಟ್ ಮೇಲೆ ಜಿಓಐ ಅಂದರೆ ದಾಬೋಲಿಂ, ಜಿಓಎಕ್ಸ್ ಅಂದರೆ ಮೋಪಾ. ಗೋವಾದಿಂದ ಮುಂಬೈಗೆ ಬೇರೆ ಟಿಕೆಟ್ ತೆಗೆದುಕೊಳ್ಳುವುದಾದರೆ ದಿನದ ಕೊನೆಯ ವಿಮಾನ ಬೇಡ, ಮಧ್ಯಾಹ್ನದ್ದು ಹಿಡಿಯಿರಿ. ಚಿಕ್ಕಮ್ಮ ಒಂದು ಜುಲೈಯಲ್ಲಿ ರಾತ್ರಿ ಎಂಟರ ವಿಮಾನ ನಂಬಿ ಹೊರಟಿದ್ದರು. ಮಳೆಗೆ ಅದು ಮೂರು ಗಂಟೆ ತಡವಾಯಿತು. ಇಳಿದದ್ದು ಟಿ-1ರಲ್ಲಿ. ಬ್ಯಾಗ್ ತೆಗೆದುಕೊಂಡು, ರಸ್ತೆ ಮೇಲೆ ಸುತ್ತಿ ಟಿ-2ಗೆ ಬರುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತಾರೆ, ಆಮೇಲೆ ಎಷ್ಟು ಕೈಮುಗಿದರೂ ನಡೆಯುವುದಿಲ್ಲ. ರೈಲಿನಲ್ಲಿ ಬರುವವರು ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನವಾಗಿ ಓಡುತ್ತದೆ ಅನ್ನುವುದನ್ನು ನೆನಪಿಟ್ಟು ಒಂದು ದಿನ ಮೊದಲೇ ಬನ್ನಿ.

ಮುಂಬೈಯವರೇ ಆದರೂ ಅನಂತ ಚತುರ್ದಶಿಯ ದಿನ ಟಿಕೆಟ್ ಬೇಡ. ವಿಸರ್ಜನೆಯ ಮೆರವಣಿಗೆಗೆ ಎಷ್ಟೋ ರಸ್ತೆ ಮುಚ್ಚಿರುತ್ತವೆ. ಹಗಲಿನ ವಿಮಾನವಿದ್ದು, ಸಾಮಾನು ಕಡಿಮೆ ಇದ್ದರೆ ಘಾಟ್‌ಕೋಪರ್‌ನಿಂದ ಮೆಟ್ರೋ ಹಿಡಿದು ಮರೋಳ್ ನಾಕಾದಲ್ಲಿ ಇಳಿದು, ಮೂರನೇ ಲೈನಿಗೆ ಬದಲಿಸಿದರೆ ಮುಂದಿನ ಸ್ಟೇಷನ್ನೇ ಟಿ-2. ಟ್ರಾಫಿಕ್ ಚಿಂತೆ ಇಲ್ಲ. ನವಿ ಮುಂಬೈಯ ಹೊಸ ನಿಲ್ದಾಣವೂ 2025ರ ಡಿಸೆಂಬರ್‌ನಲ್ಲಿ ಶುರುವಾಗಿದೆ. ಹಾಗಾಗಿ ಇನ್ನು ಮೇಲೆ ಬರೀ "ಮುಂಬೈ" ಅಂತ ಓದಿ ಹೊರಡಬೇಡಿ, ಯಾವ ನಿಲ್ದಾಣ, ಯಾವ ಟರ್ಮಿನಲ್ ಅಂತ ನೋಡಿ.

ಮೊದಲ ದಿನ ಏನು ಮಾಡಬೇಕು?

ಇದನ್ನೂ ಟಿಕೆಟ್ ಜೊತೆಗೇ ಯೋಚಿಸಬೇಕು ಅಂತ ನಮಗೆ ತಡವಾಗಿ ಹೊಳೆಯಿತು. ಅಕ್ಕ ಪ್ರೀತಿಯಿಂದ ಮೊದಲ ರಾತ್ರಿ ಎಂಟಕ್ಕೆ ಒಂದು ಒಳ್ಳೆಯ ಹೋಟೆಲಿನಲ್ಲಿ ಟೇಬಲ್ ಹೇಳಿಟ್ಟಿದ್ದಳು. ಪ್ಯಾರಿಸ್‌ನ ಎಂಟು ಅಂದರೆ ಡೊಂಬಿವಲಿಯ ಹನ್ನೊಂದೂವರೆ. ಅಪ್ಪ ಒಂಬತ್ತೂವರೆಗೆ ಮಲಗುವವರು. ಅದೇ ಅಕ್ಕನ ಮೈಗೆ ಆಗ ಮಧ್ಯಾಹ್ನ ಎರಡು, ಅವಳಿಗೆ ನಡುರಾತ್ರಿ ಮೂರರವರೆಗೂ ನಿದ್ದೆ ಬರುವುದಿಲ್ಲ. ಅಪ್ಪ-ಅಮ್ಮನೋ ಅಲ್ಲಿನ ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ, ಇಲ್ಲಿ ಅದು ಆರೂವರೆ, ಹಾಲು ಬರುವ ಹೊತ್ತು. ಒಬ್ಬರು ಮಲಗುವಾಗ ಇನ್ನೊಬ್ಬರು ಏಳುವುದು!

ಹಾಗಾಗಿ ಟೇಬಲ್ಲನ್ನು ಮಧ್ಯಾಹ್ನ ಒಂದೂವರೆಗೆ ಬದಲಿಸಿದೆವು. ಎರಡೂ ಕಡೆಯವರು ಎಚ್ಚರವಾಗಿರುವ ಹೊತ್ತು ಅದೊಂದೇ. ಊಟ ಮಾಡಿ, ಬಿಸಿಲಿನಲ್ಲಿ ನದಿ ದಂಡೆಯ ಮೇಲೆ ಒಂದು ಗಂಟೆ ನಡೆದರು. ಹಗಲ ಬೆಳಕು ಕಣ್ಣಿಗೆ ಬಿದ್ದಷ್ಟೂ ಮೈ ಹೊಸ ಸಮಯಕ್ಕೆ ಬೇಗ ಹೊಂದುತ್ತದೆ. ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆಯಷ್ಟು ಸರಿಹೋಗುತ್ತದೆ ಅನ್ನುತ್ತಾರೆ. ಪಶ್ಚಿಮಕ್ಕೆ ಹೋಗುವವರಿಗೆ ಸುಲಭ, ಪೂರ್ವಕ್ಕೆ ಬರುವವರಿಗೆ ಕಷ್ಟ. ಹೋಗುವಾಗ ಅಪ್ಪ-ಅಮ್ಮ ಸುಲಭದ ಕಡೆ, ಅಕ್ಕ ಕಷ್ಟದ ಕಡೆ. ಅದಕ್ಕೇ ಅಕ್ಕನಿಗೆ ಒಂದು ದಿನ ಮೊದಲೇ ಬಾ ಅಂದೆವು. ಹಿಂದಿನ ದಿನ ಮಧ್ಯಾಹ್ನ ಇಳಿದು, ಒಂದು ರಾತ್ರಿ ಮಲಗಿ, ಮರುದಿನ ಬೆಳಗ್ಗೆ ವಿಮಾನ ನಿಲ್ದಾಣದಲ್ಲಿ ಇವರಿಗಾಗಿ ಕಾದು ನಿಂತಿದ್ದಳು. ಮುಂಗಡ ಬುಕ್ ಮಾಡಿದ್ದ ಆ ಒಂದು ರಾತ್ರಿಯ ರೂಮನ್ನು ಅವಳೇ ಬಳಸಿಕೊಂಡಳು.

ವೀಲ್‌ಚೇರ್ ಬೇಕಿದ್ದರೆ ಹೊರಡುವ ಎರಡು ದಿನ ಮೊದಲೇ ಕಂಪನಿಗೆ ಹೇಳಿ. ಅಮ್ಮ ಬೇಡವೆಂದು ಹಟ ಮಾಡಿದ್ದರು, ಆದರೆ ಇಮಿಗ್ರೇಶನ್ ಸಾಲಿನಲ್ಲಿ ಉಳಿತಾಯವಾದ ಹೊತ್ತೇ ಅದರ ಬೆಲೆ ತೋರಿಸಿತು. ಇನ್ನು, ಧಾರವಾಡ ಪೇಡಾ ಮತ್ತು ತುಪ್ಪ ಒಯ್ಯಬೇಡಿ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪ್ ಒಕ್ಕೂಟ ನಿಷೇಧಿಸಿದೆ. ಚಟ್ನಿಪುಡಿ, ಸಾರಿನ ಪುಡಿ ದೊಡ್ಡ ಬ್ಯಾಗಿನಲ್ಲಿ ಹೋಗಲಿ.

ವಾಪಸು ಬರುವಾಗ ಗಾಳಿ ನಮ್ಮ ಕಡೆ, ಪ್ರಯಾಣ ಅರ್ಧ-ಮುಕ್ಕಾಲು ಗಂಟೆ ಕಡಿಮೆ. ಆದರೆ ನಿದ್ದೆಯ ಸಾಲ ಈ ಸಲ ಅಪ್ಪ-ಅಮ್ಮನ ತಲೆಗೆ ಬೀಳುತ್ತದೆ. ಬೆಳಗ್ಗೆ ಹೊರಟು ರಾತ್ರಿ ಹನ್ನೊಂದು-ಹನ್ನೆರಡಕ್ಕೆ ಮುಂಬೈಗೆ ಇಳಿಯುವ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ, ನೇರವಾಗಿ ಮನೆಗೆ ಬಂದು ಮಲಗಬಹುದು. ಅಷ್ಟಾದರೂ ಬಂದ ಮೇಲೆ ನಾಲ್ಕು ದಿನ ಅಪ್ಪ ಬೆಳಗ್ಗೆ ಒಂಬತ್ತೂವರೆಗೆ ಏಳುತ್ತಿದ್ದರು. ಪ್ಯಾರಿಸ್‌ನಲ್ಲಿ ಆಗ ಆರು.